ಅಳುಬುರುಕ ಹಲಗೆ

“ಇನ್ನೊಂದು ಸಲ ಒರೆಸು,” ಎಂದಳು ಅತ್ತಿಗೆ.

ಟವೆಲ್ ಹಿಂಡಿ ಮತ್ತೆ ಒರೆಸಿದೆ. ಈಜುಕೊಳದ ಪಕ್ಕದ ಆ ಉದ್ದ ಕಾರಿಡಾರಿನಲ್ಲಿ ಬೆಳಿಗ್ಗೆಯಿಂದ ನನಗೆ ಇದೇ ಉದ್ಯೋಗ. ತಿಳಿನೀಲಿ ಬಣ್ಣ ಬಳಿದ ಗೋಡೆ, ಒಂದರ ಪಕ್ಕ ಒಂದರಂತೆ ಕೂರಿಸಿದ ಆಳೆತ್ತರದ ಹಲಗೆಗಳು. ಎಲ್ಲವೂ ಒಣಗಿ ಗರಿಗರಿಯಾಗಿವೆ. ಬಹುಮಾನಗಳ ಗಾಜಿನ ಬೀರುವಿನ ಎಡಗಡೆಗಿರುವ ಒಂದೇ ಒಂದು ಹಲಗೆ ಮಾತ್ರ ಸ್ಕೂಲಿಗೆ ಬಿಟ್ಟುಬಂದ ಮಗುವಿನ ಹಾಗೆ ಅಳುತ್ತಿದೆ. ಒರೆಸಿ ಬಂದು, ಒಂದು ಕಪ್ ಕಾಫಿ ಕುಡಿದು ಹೋಗಿ ನೋಡಿದರೆ ಮತ್ತೆ ಹನಿ.

“ಅತ್ತಿಗೆ, ನಾನು ಪತ್ತೇದಾರಿ ಕೆಲಸಕ್ಕೆ ಸೇರಿದವಳು. ಗೋಡೆ ಒರೆಸೋಕಲ್ಲ.”

“ನೀನು ಸೇರಿದ್ದು ಯಾವಾಗ? ಅಣ್ಣನ ಮನೆಗೆ ಊಟಕ್ಕೆ ಅಂತ ಬಂದವಳು ಹಾಗೇ ಉಳ್ಕೊಂಡೆ.”

ನನ್ನ ಅತ್ತಿಗೆ ಹೀಗೆಯೇ. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಪತ್ತೇದಾರಿ ಕಚೇರಿ. ಓಡಿಹೋದ ನಾಯಿಯಿಂದ ಹಿಡಿದು ಮುಚ್ಚಿಟ್ಟ ಮದುವೆಯವರೆಗೆ ಏನೇ ಬರಲಿ, ಮೂಗು ತೂರಿಸಿದಳೆಂದರೆ ಬರಿಗೈಯಲ್ಲಿ ವಾಪಸಾದವಳಲ್ಲ. ಆದರೆ ಈ ಸಲ ಲಾಕಪ್ಪಿನಲ್ಲಿ ಕೂತಿರುವವನು ಅವಳ ಗಂಡ, ಅಂದರೆ ನನ್ನ ಅಣ್ಣ. ಈ ಗೋಡೆಯ ಹಲಗೆಗಳನ್ನೆಲ್ಲ ಕೂರಿಸಿದವನೂ ಅವನೇ. ಬೀರುವಿನಲ್ಲಿದ್ದ ಬೆಳ್ಳಿ ಕಪ್ಪನ್ನು ಕದ್ದವನೂ ಅವನೇ ಎಂದು ಈ ಈಜು ಕ್ಲಬ್ಬಿನವರು ಇವತ್ತು ಹೇಳಿಕೆ ಕೊಟ್ಟರೆ ಅವನನ್ನು ನೇರವಾಗಿ ಕೋರ್ಟಿಗೆ ಒಯ್ಯುತ್ತಾರೆ. ಆಮೇಲೆ ಯಾವ ಮನೆಯವರು ಅವನನ್ನು ಹೊಸ್ತಿಲ ಒಳಗೆ ಬಿಟ್ಟು ಗೋಡೆ ಕೆಲಸ ಮಾಡಿಸುತ್ತಾರೆ?

ನಮ್ಮನ್ನೂ ಒಳಗೆ ಬಿಡುತ್ತಿರಲಿಲ್ಲ. ಅತ್ತಿಗೆ ಬೆಳಿಗ್ಗೆಯೇ ಅಧ್ಯಕ್ಷೆಯ ಮನೆ ಬಾಗಿಲಲ್ಲಿ ಕೂತು, ಅವರು ಹಲ್ಲುಜ್ಜಿ ಮುಗಿಸುವುದರೊಳಗೆ ಅನುಮತಿ ಗಿಟ್ಟಿಸಿದ್ದಳು.

ಬಾಗಿಲು ತೆರೆಯಿತು. ಬಂದರು ಎಲ್ಲರೂ.

ಮೊದಲು ಕೋಲು ಊರಿಕೊಂಡು ಅಧ್ಯಕ್ಷೆ. ಕ್ಲಬ್ಬಿನಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ. ಹುಡುಗಿಯಾಗಿದ್ದಾಗ ಈ ಕೊಳದಲ್ಲೇ ಈಜಿ, ಆ ಕಪ್ಪನ್ನು ಗೆದ್ದು ತಂದವರು. ಅವರ ಹಿಂದೆ ಕತ್ತಿಗೆ ಸೀಟಿ ನೇತುಹಾಕಿಕೊಂಡ ಕೋಚ್. ಬೀರುವಿನ ಬೀಗದ ಕೈ ಇಟ್ಟುಕೊಂಡವರಲ್ಲಿ ಒಬ್ಬ ಇವನು. ಹೋದ ವಾರ ನನ್ನ ಅನುಮಾನವೆಲ್ಲ ಇವನ ಮೇಲೇ ಇತ್ತು. ಆದರೆ ಕಪ್ ಹೋದ ದಿನಗಳಲ್ಲಿ ಇವನು ತಂಡದ ಹುಡುಗಿಯರ ಜೊತೆ ಬೇರೆ ಊರಿನ ಸ್ಪರ್ಧೆಯಲ್ಲಿದ್ದ ಎಂದು ಗೊತ್ತಾಗಿ ನನ್ನ ಊಹೆ ನೀರುಪಾಲಾಯಿತು.

ಅವನ ಹಿಂದೆ ಮ್ಯಾನೇಜರ್. ಎರಡನೇ ಬೀಗದ ಕೈ ಇವನ ಮೇಜಿನ ಡ್ರಾಯರಿನಲ್ಲಿ ಇರುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಅದಕ್ಕೇ ನಾವಿಬ್ಬರೂ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದೆವು. ಕೊನೆಗೆ ಇನ್ಸ್‌ಪೆಕ್ಟರ್, ಬೇಗ ಮುಗಿಸಿ ಹೋಗಬೇಕೆಂಬ ಮುಖ ಹೊತ್ತು.

“ನಮಸ್ಕಾರ ಅಮ್ಮ,” ಎಂದ ಬೆಣ್ಣೆ ಅತ್ತಿಗೆಗೆ. “ನಿಮ್ಮ ಸಂಕಟ ನಂಗರ್ಥ ಆಗುತ್ತೆ. ಆದ್ರೆ ಕಪ್ಪಿನ ಮಖಮಲ್ ಹೊದಿಕೆ ನಿಮ್ಮ ಯಜಮಾನರ ವ್ಯಾನಲ್ಲೇ ಸಿಕ್ತಲ್ಲ. ನಾವೇನು ಮಾಡೋಣ ಹೇಳಿ.”

“ಹೊದಿಕೆ ಸಿಕ್ತು. ಕಪ್ ಸಿಗಲಿಲ್ಲ. ಹೊದಿಕೆ ಉಳಿಸ್ಕೊಂಡು ಕಪ್ ಬಿಸಾಕೋ ಕಳ್ಳನ ಜೊತೆ ನಾನು ಸಂಸಾರ ಮಾಡ್ತಿಲ್ಲ.”

ದೊಡ್ಡಮ್ಮ ಗೋಡೆಯತ್ತ ಕೋಲು ತೋರಿಸಿದರು. “ಅದು ಹಾಗಿರಲಿ. ಈ ಗೋಡೆ ನೋಡಿದ್ದೀಯಾ? ಕೆಲಸ ಮುಗಿದು ಎರಡು ತಿಂಗಳಾಗಿಲ್ಲ, ಆಗಲೇ ನೀರು ಸುರಿಸ್ತಿದೆ. ಮೆಗ್ನೀಸಿಯಂ ಬೋರ್ಡು, ಬೆಂಕಿ ಹತ್ತಲ್ಲ, ಬೂಷ್ಟು ಹಿಡಿಯಲ್ಲ, ಗೆದ್ದಲು ಮುಟ್ಟಲ್ಲ ಅಂತ ನಿನ್ನ ಗಂಡ ನಂಗೆ ಪಾಠ ಮಾಡಿದ್ದ. ಇದೇನಾ ಅದು?”

“ಅದನ್ನೂ ಹೇಳಿಕೇಲಿ ಸೇರಿಸೋಣ ಅಂತ ಇದ್ದೆ,” ಎಂದ ಬೆಣ್ಣೆ ಮೆಲ್ಲಗೆ. “ಕಳಪೆ ಮಾಲು. ಕೈ ಶುದ್ಧ ಇಲ್ಲದವರು ಕೆಲಸದಲ್ಲೂ ಶುದ್ಧ ಇರಲ್ಲ.”

ನನಗೆ ಮೈಯೆಲ್ಲ ಉರಿಯಿತು. ನನ್ನ ಅಣ್ಣನಲ್ಲಿ ದೋಷಗಳಿಗೆ ಬರವಿಲ್ಲ. ಗೊರಕೆ ಹೊಡೆಯುತ್ತಾನೆ, ಹಠಮಾರಿ, ಮಾತಿಗೆ ಕೂತರೆ ಏಳುವುದಿಲ್ಲ. ಆದರೆ ಹಲಗೆಯ ವಿಷಯದಲ್ಲಿ ಅವನನ್ನು ಅನ್ನುವವರ ನಾಲಿಗೆ ಸೀಳಬೇಕು. ಹಲಗೆಗಳನ್ನು ತಂದ ದಿನ ಅವನು ಮುಟ್ಟುವುದೇ ಇಲ್ಲ. ಆ ಕೋಣೆಯ ಗಾಳಿಗೆ ಅವು ಒಗ್ಗಬೇಕೆಂದು ಮಲಗಿಸಿಟ್ಟು, ಹೊದಿಸಿ, ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಾನೆ. ಬಾಯಿ ತೆರೆಯಬೇಕೆಂದಿದ್ದೆ. ಅತ್ತಿಗೆ ಮೊಣಕೈಯಿಂದ ತಿವಿದಳು.

“ಸರಿ ದೊಡ್ಡಮ್ಮ,” ಎಂದಳು ತಲೆ ತಗ್ಗಿಸಿ. “ಕೆಲಸ ಕೆಟ್ಟಿದ್ರೆ ಕೆಟ್ಟಿದೆ. ಅವರು ಮಾಡಿದ್ದನ್ನ ನಾನು ಸರಿ ಮಾಡಿಕೊಡ್ತೀನಿ. ವ್ಯಾನಲ್ಲಿ ಒಳ್ಳೆ ಬೋರ್ಡಿದೆ, ಚೀಲದಲ್ಲಿ ಅವರ ಸ್ಕ್ರೂ ಮಿಷನ್ ಇದೆ. ಈ ಅಳುಬುರುಕನ್ನ ಈಗಲೇ ತೆಗೆದು ಹೊಸದು ಹಾಕಿಬಿಡ್ತೀನಿ. ನಮ್ಮದೇ ಖರ್ಚು.”

ಇಷ್ಟು ಸುಲಭವಾಗಿ ಸೋಲೊಪ್ಪಿದ ಅತ್ತಿಗೆಯನ್ನು ಅಣ್ಣನ ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. ಅಂದಮೇಲೆ ಇದರಲ್ಲೇನೋ ಇದೆ ಎಂದು ಸುಮ್ಮನಾದೆ.

“ಅಷ್ಟು ಮಾಡಮ್ಮ,” ಎಂದರು ದೊಡ್ಡಮ್ಮ.

“ಬೇಡ,” ಎಂದ ಬೆಣ್ಣೆ.

ಎಲ್ಲರೂ ಅವನ ಕಡೆ ತಿರುಗಿದರು.

“ಅಲ್ಲ, ಈಗ ಬೇಡ ಅಂದೆ. ಧೂಳಾಗುತ್ತೆ. ಹುಡುಗೀರು ಪ್ರಾಕ್ಟೀಸ್ ಮಾಡ್ತಿದಾರೆ.”

“ಧೂಳಿಗೆ ಅವರೇನು ಕರಗಿಹೋಗಲ್ಲ,” ಎಂದ ಕೋಚ್. “ನೀರಲ್ಲೇ ಇದಾರೆ.”

“ಮುಂದಿನ ವಾರ ನಾನೇ ಮಾಡಿಸ್ತೀನಿ. ಅಮ್ಮನಿಗೆ ಯಾಕೆ ತೊಂದರೆ.”

“ನಂಗೇನು ತೊಂದರೆ ಇಲ್ಲ,” ಎಂದಳು ಅತ್ತಿಗೆ. “ಈಗ ತಾನೇ ಕಳಪೆ ಮಾಲು ಅಂದ್ರಿ. ಕಳಪೆ ಮಾಲನ್ನ ಪುಕ್ಕಟೆ ತೆಗೆದುಕೊಡ್ತೀನಿ ಅಂದ್ರೆ ಬೇಡ ಅಂತೀರಲ್ಲ. ಅದರ ಮೇಲೆ ಅಷ್ಟು ಪ್ರೀತಿ ಯಾಕೆ?”

ಇನ್ಸ್‌ಪೆಕ್ಟರ್ ಗಡಿಯಾರ ನೋಡುವುದನ್ನು ನಿಲ್ಲಿಸಿದ.

ಬೆಣ್ಣೆ ನಕ್ಕ. “ಇದು ಆವಿ ಅಮ್ಮ. ಈಜುಕೊಳ ಅಲ್ವಾ, ಬಿಸಿ ಆವಿ ಗೋಡೇಲಿ ಕೂತು ನೀರಾಗುತ್ತೆ. ಸಣ್ಣ ವಿಷಯ. ಕಳಪೆ ಅಂದಿದ್ದು ನನ್ನ ತಪ್ಪು.”

“ಆವಿ ಕೂರೋದಾದ್ರೆ ಮೊದಲು ಗಾಜಿನ ಮೇಲೆ ಕೂರಬೇಕು.” ಅತ್ತಿಗೆ ಬೀರುವಿನ ಗಾಜಿನ ಮೇಲೆ ಬೆರಳೆಳೆದು ತೋರಿಸಿದಳು. ಬೆರಳು ಒಣಗಿತ್ತು. “ಗಾಜು ಒಣಗಿದೆ. ಬಲಗಡೆ ಹಲಗೆ ಒಣಗಿದೆ. ಈ ಗೋಡೇಲಿರೋ ಎಲ್ಲಾ ಹಲಗೇನೂ ನನ್ನ ನಾದಿನಿ ಬೆಳಿಗ್ಗೆಯಿಂದ ಒರೆಸಿದಾಳೆ. ಅಳ್ತಿರೋದು ಒಂದೇ. ಆವಿಗೇನು ಕಣ್ಣಿದೆಯಾ, ಹುಡುಕಿಕೊಂಡು ಬಂದು ಇದೊಂದರ ಮೇಲೇ ಕೂರೋಕೆ?”

ನಾನು ಸೊಂಟ ನೆಟ್ಟಗೆ ಮಾಡಿ ನಿಂತೆ. ಒರೆಸಿದವಳು ನಾನು ಎಂದು ಎಲ್ಲರಿಗೂ ಗೊತ್ತಾಗಲಿ ಎಂದು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೆ.

“ದೊಡ್ಡಮ್ಮ, ಮೆಗ್ನೀಸಿಯಂ ಬೋರ್ಡಲ್ಲಿ ಎರಡು ಜಾತಿ,” ಅತ್ತಿಗೆ ಮುಂದುವರಿಸಿದಳು. “ಪುಡಿ ಒಂದೇ, ಅದನ್ನ ಗಟ್ಟಿ ಮಾಡೋಕೆ ಸೇರಿಸೋ ಉಪ್ಪು ಬೇರೆ. ಒಂದಕ್ಕೆ ಕ್ಲೋರೈಡ್ ಉಪ್ಪು, ಇನ್ನೊಂದಕ್ಕೆ ಸಲ್ಫೇಟ್ ಉಪ್ಪು. ಅಂಗಡೀಲಿ ಪಕ್ಕಪಕ್ಕ ಇಟ್ರೆ ಅವಳಿ ಜವಳಿ ಥರ. ಒಣ ಜಾಗದಲ್ಲಿ ಎರಡೂ ಒಳ್ಳೇವೇ. ಆದ್ರೆ ತೇವದ ಜಾಗಕ್ಕೆ ಕ್ಲೋರೈಡ್ ಬೋರ್ಡು ಹಾಕಿದ್ರೆ, ಒಳಗೆ ಉಳಿದ ಉಪ್ಪು ಗಾಳೀಲಿರೋ ನೀರನ್ನೆಲ್ಲ ಎಳ್ಕೊಂಡು ಅಳೋಕೆ ಶುರು ಮಾಡುತ್ತೆ.”

“ಇದೆಲ್ಲ ನಿಮಗೆ ಹೇಗೆ ಗೊತ್ತು?” ಎಂದ ಇನ್ಸ್‌ಪೆಕ್ಟರ್.

“ನಮ್ಮ ಬಚ್ಚಲುಮನೆ ನೋಡಿ, ಗೊತ್ತಾಗುತ್ತೆ. ಪರೀಕ್ಷೆ ಮಾಡ್ತೀನಿ ಅಂತ ಒಂದು ಗೋಡೆಗೆ ಇದು, ಇನ್ನೊಂದಕ್ಕೆ ಅದು ಹಾಕಿದ್ರು. ಒಂದು ಗೋಡೆ ಇಡೀ ಮಳೆಗಾಲ ಅತ್ತು, ನಾನು ಸೋಪಿಡೋ ಸ್ಟ್ಯಾಂಡ್ ತುಕ್ಕು ಹಿಡಿದು ಕೆಳಗೆ ಬಿತ್ತು. ನಂಗೂ ಅವರಿಗೂ ಅದೇ ವಿಷಯಕ್ಕೆ ಎಷ್ಟು ಜಗಳ ಆಗಿದೆ ಅಂತ ಇವಳನ್ನ ಕೇಳಿ. ಅವತ್ತಿಂದ ನೀರಿನ ಜಾಗಕ್ಕೆ ಅವರು ಸಲ್ಫೇಟ್ ಬಿಟ್ಟು ಬೇರೆ ಮುಟ್ಟಿಲ್ಲ. ಮುಟ್ಟಿದ್ರೆ ನಾನು ಬಿಡ್ತೀನಾ?”

ಕೋಚ್ ನಗು ತಡೆದುಕೊಂಡ. ಅವನಿಗೂ ಮದುವೆಯಾಗಿದೆ ಎಂದು ಕಾಣುತ್ತದೆ.

“ಬಾಯಿಮಾತು,” ಎಂದ ಬೆಣ್ಣೆ. ದನಿಯಲ್ಲಿ ಬೆಣ್ಣೆ ಕಡಿಮೆಯಾಗಿತ್ತು. “ಒಂದು ಹಲಗೆ ಕಡಿಮೆ ಬಿದ್ದಿರುತ್ತೆ. ಸಿಕ್ಕಿದ್ದು ಹಾಕಿರ್ತಾರೆ.”

“ಸರಿ. ಹಾಗಾದ್ರೆ ಸ್ಕ್ರೂ ನೋಡೋಣ.”

ಅತ್ತಿಗೆ ಚೀಲಕ್ಕೆ ಕೈ ಹಾಕಿ ಒಂದು ಅಯಸ್ಕಾಂತ ತೆಗೆದಳು. ನಮ್ಮ ಅಡುಗೆಮನೆ ಬೀರುವಿನ ಬಾಗಿಲಿನದು. ಬೆಳಿಗ್ಗೆ ಆ ಬಾಗಿಲು ಯಾಕೆ ತಾನಾಗಿ ತೆರೆದುಕೊಳ್ಳುತ್ತಿತ್ತು ಎಂದು ನನಗೆ ಆಗ ತಿಳಿಯಿತು.

“ಈ ಗೋಡೆ ಒಳಗೆ ಚೌಕಟ್ಟು ಮರದ್ದು. ಅದಕ್ಕೆ ಅಯಸ್ಕಾಂತ ಅಂಟಲ್ಲ. ನಮ್ಮ ಯಜಮಾನರು ಹಾಕೋದು ಸ್ಟೇನ್‌ಲೆಸ್ ಸ್ಕ್ರೂ. ಅದಕ್ಕೂ ಅಂಟಲ್ಲ. ದೊಡ್ಡಮ್ಮ, ನೀವೇ ನೋಡಿ. ನಾನು ಮುಟ್ಟಿದ್ರೆ ಕಣ್ಕಟ್ಟು ಅಂತಾರೆ.”

ದೊಡ್ಡಮ್ಮ ಕೋಲನ್ನು ನನ್ನ ಕೈಗಿತ್ತು ಅಯಸ್ಕಾಂತ ಹಿಡಿದರು. ಕಾರಿಡಾರಿನ ತುದಿಯಿಂದ ಒಂದೊಂದೇ ಹಲಗೆಯ ಅಂಚಿಗೆ ಇಟ್ಟು ಬಿಡುತ್ತ ಬಂದರು. ಪ್ರತಿ ಸಲವೂ ಅದು ಜಾರಿ ಅವರ ಅಂಗೈಗೆ ಬಿತ್ತು. ಕೊಳದಲ್ಲಿ ಹುಡುಗಿಯರು ಕಾಲು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅಳುವ ಹಲಗೆಯ ಅಂಚಿಗೆ ಇಟ್ಟರು. ಟಕ್ ಎಂದಿತು.

ಕೈ ಬಿಟ್ಟರು. ಅಯಸ್ಕಾಂತ ಅಲ್ಲೇ ನಿಂತಿತು.

ಕಿತ್ತು ಸ್ವಲ್ಪ ಕೆಳಗೆ ಇಟ್ಟರು. ಟಕ್. ಅದರ ಕೆಳಗೆ, ಟಕ್. ದೊಡ್ಡಮ್ಮನಿಗೆ ಆಟದ ರುಚಿ ಹತ್ತಿತು. ಹಲಗೆಯ ಸುತ್ತ ಒಂದೂ ಬಿಡದೆ ಪರೀಕ್ಷಿಸಿದರು.

“ಇವು ಕಬ್ಬಿಣದ ಕರಿ ಸ್ಕ್ರೂಗಳು,” ಎಂದಳು ಅತ್ತಿಗೆ. “ಜಿಪ್ಸಮ್ ಸೀಲಿಂಗ್ ಹಾಕೋರು ಬಳಸೋದು. ಅವರ ಕೈಗೆ ಬೇರೆ ಬರೋದೇ ಇಲ್ಲ. ಅಂಚಿನ ಸಂದು ನೋಡಿ, ಕೂದಲಿನ ಹಾಗೆ ಬಿರುಕು ಬಿಟ್ಟಿದೆ. ಜಿಪ್ಸಮ್ ಪೇಸ್ಟ್ ತುಂಬಿದಾರೆ. ಈ ಹಲಗೆಗೆ ಅದು ಹಿಡಿಯಲ್ಲ. ಅಂದ್ರೆ ನಮ್ಮವರು ಕೆಲಸ ಮುಗಿಸಿ ಹೋದಮೇಲೆ ಯಾರೋ ಅವರ ಹಲಗೆ ಮುರಿದು ತೆಗೆದು, ಒಳಗೇನೋ ಇಟ್ಟು, ಅಂಗಡೀಲಿ ಅದೇ ಥರ ಕಂಡಿದ್ದನ್ನ ತಂದು ಮುಚ್ಚಿದಾರೆ. ಎಷ್ಟೋ ಸೀಲಿಂಗ್ ಹಾಕಿ ಕೈ ಪಳಗಿದವರು. ಪಾಪ, ಹಲಗೆ ಅಳುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ.”

ದೊಡ್ಡಮ್ಮ ನಿಧಾನವಾಗಿ ಬೆಣ್ಣೆಯ ಕಡೆ ತಿರುಗಿದರು.

“ನಿಮ್ಮ ರೂಮಿನ ಸೀಲಿಂಗ್,” ಎಂದರು. “ಕ್ಲಬ್ಬಿಗೆ ಖರ್ಚು ಯಾಕೆ ಅಂತ ನೀವೇ ಕೈಯಾರೆ ಹಾಕಿದ್ದು ಅಂದಿದ್ರಿ. ಇಲ್ಲಿಗೆ ಬರೋ ಮೊದಲು ಅದೇ ಕೆಲಸ ಮಾಡ್ತಿದ್ದೆ ಅಂತ. ನಾನು ಸಭೇಲಿ ನಿಮ್ಮನ್ನ ಹೊಗಳಿ ಚಪ್ಪಾಳೆ ಬೇರೆ ಹೊಡೆಸಿದ್ದೆ.”

ಬೆಣ್ಣೆಯ ಹಣೆಯ ಮೇಲೂ ಹನಿ ಮೂಡಿತು. ಅವನನ್ನು ಒರೆಸುವ ಕೆಲಸ ನನ್ನದಲ್ಲ ಎಂದು ಸುಮ್ಮನೆ ನಿಂತೆ.

“ಬಿಚ್ಚಿ,” ಎಂದ ಇನ್ಸ್‌ಪೆಕ್ಟರ್.

ಅತ್ತಿಗೆ ಅಣ್ಣನ ಮಿಷನ್ ಹಿಡಿದು ಮೊಣಕಾಲೂರಿದಳು. ಬಣ್ಣ ಕೆರೆದರೆ ಒಳಗೆ ಸ್ಕ್ರೂಗಳ ತಲೆ ಕೆಂಪಗೆ ತುಕ್ಕು ತಿಂದು ಕೂತಿದ್ದವು. ಕೆಲವು ತಿರುಗಿದವು, ಕೆಲವು ಪುಡಿಯಾದವು. ಕೊನೆಗೆ ಸಹನೆ ಕೆಟ್ಟು ಸಂದಿಗೆ ಸಲಾಕೆ ಹಾಕಿ ಮೀಟಿದಳು. ಹಲಗೆ ಅಡ್ಡಕ್ಕೆ ಮುರಿಯಿತು. ಒಳಗಿನ ಗಾಜಿನ ನೂಲಿನ ಬಲೆ ಎರಡು ತುಂಡುಗಳನ್ನೂ ಬಿಡಲೊಲ್ಲದೆ ಹಿಡಿದುಕೊಂಡಿತು. ನಾನೂ ಕೋಚೂ ಸೇರಿ ಎಳೆದು ಹರಿದೆವು.

ಗೋಡೆಯ ಹೊಟ್ಟೆಯೊಳಗೆ, ಮರದ ಅಡ್ಡಪಟ್ಟಿಯ ಮೇಲೆ, ಕಪ್ ಕೂತಿತ್ತು.

ಮಸಿಯಂತೆ ಕಪ್ಪಾಗಿತ್ತು. ಒಂದು ಹಿಡಿಯ ಮೇಲೆ ಜೇಡ ಮನೆ ಮಾಡಿತ್ತು. ಆದರೂ ಕಪ್ ಕಪ್ಪೇ. ಅತ್ತಿಗೆ ಎರಡೂ ಕೈಯಿಂದ ಎತ್ತಿ ದೊಡ್ಡಮ್ಮನ ಮಡಿಲಿಗಿಟ್ಟಳು. ದೊಡ್ಡಮ್ಮ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಿಂದ ಒರೆಸಿ ಒರೆಸಿ, ಅದಕ್ಕೆ ಮುತ್ತಿಟ್ಟರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ.

ಕೋಚ್ ಸೀಟಿ ಊದಿಯೇಬಿಟ್ಟ. ಕೊಳದ ಹುಡುಗಿಯರು ಒದ್ದೆ ಮೈಯಲ್ಲೇ ಓಡಿಬಂದರು. ಕಪ್ ಕಂಡದ್ದೇ ತಡ, ಕಾರಿಡಾರು ಹಾರಿಹೋಗುವಂತೆ ಕೂಗಿದರು. ಯಾರೋ ಅತ್ತಿಗೆಯನ್ನು ಅಪ್ಪಿಕೊಂಡರು, ಯಾರೋ ನನ್ನನ್ನು. ಬೆಳಿಗ್ಗೆಯಿಂದ ಗೋಡೆ ಒರೆಸಿದ ಟವೆಲಿನಲ್ಲಿ ನಾನು ಕಣ್ಣೊರೆಸಿಕೊಂಡೆ. ಅದರ ಉಪ್ಪು ಕಣ್ಣಿಗೆ ಉರಿ ಹತ್ತಿಸಿತು. ಉರಿದರೂ ಹಿತವಾಗಿತ್ತು. ನನ್ನ ಅಣ್ಣ ಕಳ್ಳನಲ್ಲ. ಇನ್ನು ಯಾರ ಮುಂದೆ ಬೇಕಾದರೂ ತಲೆ ಎತ್ತಿ ಹೇಳುತ್ತೇನೆ.

“ಅಮ್ಮ,” ಎಂದ ಇನ್ಸ್‌ಪೆಕ್ಟರ್ ಟೋಪಿ ತೆಗೆದು. “ನಾನು ಹೊದಿಕೆ ನೋಡಿ ಮೋಸ ಹೋದೆ. ತಪ್ಪಾಯ್ತು.”

“ತಪ್ಪನ್ನ ಆಮೇಲೆ ಒಪ್ಪಿಕೊಳ್ಳಿ. ಮೊದಲು ಫೋನ್ ಮಾಡಿ.”

ಅವನು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದ. ಬಿಡುಗಡೆಯ ಮಾತು ಹೇಳಿ, ಅಣ್ಣನನ್ನು ಕರೆಸಿ, ಫೋನನ್ನು ಅತ್ತಿಗೆಯ ಕೈಗೆ ಕೊಟ್ಟ. ನಾನೂ ಕಿವಿ ತಂದು ಅಂಟಿಸಿದೆ.

“ಕಪ್ ಸಿಕ್ತು ರೀ,” ಎಂದಳು ಅತ್ತಿಗೆ. ಅಷ್ಟು ಹೊತ್ತು ಕಬ್ಬಿಣದಂತಿದ್ದ ಅವಳ ದನಿ ಅಲ್ಲಿ ಒಡೆಯಿತು. “ಗೋಡೆ ಒಳಗಿತ್ತು. ಮನೆಗೆ ಬನ್ನಿ.”

“ಯಾವ ಹಲಗೆ ಬಿಚ್ಚಿದೆ?” ಎಂದ ಅಣ್ಣ.

“ಬೀರು ಪಕ್ಕದ್ದು.”

“ಸಲಾಕೆ ಹಾಕಿದ್ಯಾ? ಪಕ್ಕದ ಹಲಗೆ ಅಂಚಿಗೆ ಏಟು ಬಿತ್ತಾ?”

“ಬಿದ್ದಿದ್ರೆ ಬಂದು ಸರಿ ಮಾಡಿ. ಲಾಕಪ್ಪಿಂದ ಬಿಡಿಸಿದ ಹೆಂಡ್ತಿಗೆ ಕೇಳೋ ಪ್ರಶ್ನೆ ನೋಡು ಇದು.”

ಅತ್ತಿಗೆ ನಕ್ಕಳು. ಅವಳ ಕೆನ್ನೆ ಒದ್ದೆಯಾಗಿತ್ತು. ನನಗೆ ಇವರಿಬ್ಬರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಆಗ ನಮ್ಮ ಹಿಂದೆ ನಿಂತಿದ್ದ ಬೆಣ್ಣೆ ಕದಲಿದ. ಇನ್ಸ್‌ಪೆಕ್ಟರ್ ತೋಳು ಹಿಡಿದಿದ್ದರೂ ಎಳೆದುಕೊಂಡೇ ಗೋಡೆಯ ಬಳಿ ಬಂದು, ಆ ಪೊಳ್ಳಿನೊಳಗೆ ತಲೆ ಹಾಕಿದ. ಮೇಲೆ ನೋಡಿದ, ಕೆಳಗೆ ತಡಕಿದ. ಮತ್ತೆ ತಡಕಿದ. ತಲೆ ಹೊರಗೆ ತೆಗೆದಾಗ ಅವನ ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ನಾಚಿಕೆ ಇರಲಿಲ್ಲ. ಬರೀ ಗಾಬರಿಯಿತ್ತು.

“ನಾನು ಇಟ್ಟಿದ್ದು ಕಪ್ಪಲ್ಲ,” ಎಂದ.

ಹುಡುಗಿಯರ ಕೂಗು ನಿಂತಿತು.

“ಹಲಗೆ ಹಾಕಿದ್ದು ನಾನೇ. ಒಪ್ಕೋತೀನಿ. ಆದ್ರೆ ಕಪ್ ನಾನು ಮುಟ್ಟಿಲ್ಲ. ಅದು ಇಲ್ಲಿಗೆ ಹೇಗೆ ಬಂತೋ ನಂಗೊತ್ತಿಲ್ಲ. ನಾನು ಮುಚ್ಚಿದ ಮೇಲೆ ಯಾರೋ ಅದೇ ಸ್ಕ್ರೂ ಬಿಚ್ಚಿ ಮತ್ತೆ ಹಾಕಿದಾರೆ. ನಾನು ಇಟ್ಟಿದ್ದು ಈಗ ಇಲ್ಲಿಲ್ಲ.”

“ಏನು ಇಟ್ಟಿದ್ದೆ?” ಎಂದ ಇನ್ಸ್‌ಪೆಕ್ಟರ್.

ಫೋನು ಇನ್ನೂ ನಮ್ಮಿಬ್ಬರ ಕಿವಿಗಳ ನಡುವೆ ಇತ್ತು. ಆ ತುದಿಯಲ್ಲಿ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಉಸಿರು ಬದಲಾದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಅವನು ಅದನ್ನ ಹೇಳದಂಗೆ ನೋಡ್ಕೋ,” ಎಂದ ಅಣ್ಣ ಪಿಸುದನಿಯಲ್ಲಿ. “ಯಾರ ಮುಂದೇನೂ ಬೇಡ. ಅದು ಎಲ್ಲಿದೆ ಅಂತ ನಂಗೊತ್ತು.”

ಫೋನ್ ಕಟ್ಟಾಯಿತು.

ಅತ್ತಿಗೆ ಅದನ್ನು ಕಿವಿಯಿಂದ ನಿಧಾನವಾಗಿ ಇಳಿಸಿದಳು. ಎಲ್ಲರ ಬಾಯಿಂದ ನಿಜ ಹೊರಡಿಸುವುದೇ ಅವಳ ಬದುಕು. ಆ ನಿಜ ಈಗ ಬೆಣ್ಣೆಯ ತುಟಿಯ ಮೇಲೆ ಬಂದು ನಿಂತಿತ್ತು. ಅವನು ಬಾಯಿ ತೆರೆದ.

“ಇನ್ಸ್‌ಪೆಕ್ಟರ್ರೇ, ಅವರಿಗೆ ಮೈ ಸರಿ ಇಲ್ಲ, ಬೀಳ್ತಾರೆ ನೋಡಿ,” ಎಂದು ಅತ್ತಿಗೆ ಅಡ್ಡ ಬಂದಳು. “ಮೊದಲು ಹೊರಗೆ ಗಾಳಿಗೆ ಕರ್ಕೊಂಡು ಹೋಗಿ, ನೀರು ಕೊಡಿ. ಮಾತು ಎಲ್ಲಿಗೆ ಓಡಿಹೋಗುತ್ತೆ?”

ದೊಡ್ಡಮ್ಮ ಕಪ್ಪಿನಿಂದ ತಲೆ ಎತ್ತಿ ಕೇಳಿದರು, “ನಿನ್ನ ಗಂಡ ಏನಂದ?”

“ಸಂತೋಷ ಆಯ್ತಂತೆ,” ಎಂದಳು ಅತ್ತಿಗೆ.

ಅವಳ ಬಾಯಿಂದ ನಾನು ಸುಳ್ಳು ಕೇಳಿದ್ದು ಅವತ್ತೇ ಮೊದಲು.